ಮೂರನೆಯದು

ಅವೊಮೋರಿ. ಏಪ್ರಿಲ್. ಸೇಬಿನ ಬುಡದಲ್ಲಿನ್ನೂ ಹಿಮ.
ಬಾನೆಟ್ಟಿನ ಮೇಲಿಟ್ಟ ಚಹಾ
ಬಟ್ಟಲೊಳಗೇ ಉಂಗುರ ಉಂಗುರ ನಡುಗಿತು;
ಸ್ಟೀರಿಂಗ್ ಹಿಡಿದರೆ ಮೊಣಕೈವರೆಗೂ ಜೋಮು.

ಫುಸಾಎ ಬೋಲ್ಟು ಬಿಗಿದಳು, ಅಡಿಯ ರಬ್ಬರು ಒತ್ತಿ ನೋಡಿದಳು.
ಆಮೇಲೆ ಹದಿನೇಳರ ಸ್ಪ್ಯಾನರು.
ಮೊದಲ ಡೀಸೆಲ್ ನಳಿಗೆಯ ನಟ್ಟು ಸಡಿಲಿಸಿದಳು: ಎಂಜಿನ್ ತೊದಲಿತು.
ಅದ ಬಿಗಿದು ಎರಡನೆಯದು: ಕೆಮ್ಮಿ ಕುಸಿಯಿತು.
ಮೂರನೆಯದಕ್ಕೆ
ಏನೂ ಆಗಲಿಲ್ಲ. ಅದೇ ನಡುಕ.
‘ಸಿಕ್ಕಿಬಿದ್ದೆಯಾ’ ಎಂದಳು.
ಇಲ್ಲದಿದ್ದರೂ ಗೊತ್ತಾಗದ್ದೇ ದುಡಿಯದ್ದು.

ಕೈ ಒರೆಸುವಾಗ ಯಾಕೋ ನೆನಪಾಯಿತು
ಮೊಣಕಾಲು ಕೊಯ್ಸಿಕೊಂಡು ಮಲಗಿದ್ದ ಹದಿನೈದು ದಿನ.
ಪ್ಯಾಕಿಂಗ್ ಶೆಡ್ಡು ನಡೆದೇ ಇತ್ತು.
ಮರಳಿದ ಬೆಳಿಗ್ಗೆ ಯೊಶಿನೊ, ಸೇಬಿನಿಂದ ತಲೆಯೆತ್ತದೆ,
‘ನೀನಿಲ್ಲದೆ ಬೆಲ್ಟಿನ ಸದ್ದೇ ಬೇರೆ ಇತ್ತು’ ಅಂದಿದ್ದಳು.

ಎಂಜಿನ್ ಆರಿಸಿ ನಾಝಲ್ಲು ಬಿಚ್ಚಿ
ಹಳೇ ಪೇಪರಿನಲ್ಲಿ ಸುತ್ತಿದಳು.
ಹೊಸದು ಬರುವುದು ಗುರುವಾರ.
ಅಂಗೈ ಮಾತ್ರ ಇನ್ನೂ
ಗುಂಯ್‌ಗುಡುತ್ತಿತ್ತು.