ವಿಳಂಬ ಮನ್ನಾ ಕೋರಿ

ನಮೂನೆ ಮೂವತ್ತೈದರ ಆ ಕಲಮಿನಲ್ಲಿ
ಕರ್ಸರ್ ಮಿಡಿಯುತ್ತ ನಿಂತಿದೆ.
ವಿಳಂಬವಿದೆಯೇ? ಹೌದು.
ಎಷ್ಟು ದಿನ? ಇನ್ನೂರ ಹದಿಮೂರು.
ಕಾರಣ?

ದುರ್ಗಿಗುಡಿಯ ಈ ಮಹಡಿ ಕೋಣೆಯಲ್ಲಿ
ಇಪ್ಪತ್ತಾರು ವರ್ಷ ಕಾರಣ ಬರೆದಿದ್ದೇನೆ.
ನನ್ನ ಕಡತಗಳ ಪ್ರಕಾರ ಶಿವಮೊಗ್ಗದಲ್ಲಿ
ಕಾಮಾಲೆಯಾಗದ ವರ್ತಕನಿಲ್ಲ,
ಗಡುವಿನ ವಾರ ಸೋದರಮಾವ ಸಾಯದ ಮನೆಯಿಲ್ಲ.
ಒಬ್ಬ ಮಾವನನ್ನಂತೂ ಎರಡು ಸಲ ಸಾಯಿಸಿದೆ
ಎರಡು ಬೇರೆ ವರ್ಷಕ್ಕೆ.
ಯಾರೂ ಕೇಳಲಿಲ್ಲ.

ಖೈರುನ್ನೀಸಾ ಬೀ ಅವರಿಗೂ ಕಾಮಾಲೆಯನ್ನೇ ಬರೆದೆ.
ಗಾಂಧಿಬಜಾರಿನ ಹಿಂದಿನ ಓಣಿಯಲ್ಲಿ ಗೋಣಿಚೀಲದಂಗಡಿ.
ಗಿರಣಿಯ ಹಳೇ ಚೀಲ ಕೊಂಡು, ಕೊಡವಿ,
ಹರಿದದ್ದನ್ನು ದಬ್ಬಳದಲ್ಲಿ ಹೊಲಿದು
ಇಪ್ಪತ್ತೈದರ ಕಟ್ಟು ಮಾಡಿ ಮಾರುವವರು.
ಬ್ಯಾಂಕಿಗೆ ಕಟ್ಟಿದ ಆರು ಲಕ್ಷ ನಲವತ್ತು ಸಾವಿರ
ಎಲ್ಲಿಂದ ಬಂತೆಂದು ಇಲಾಖೆ ಕೇಳಿತ್ತು.
ಉತ್ತರ ಅಂಗಡಿಯ ಮೂಲೆಯಲ್ಲೇ ಸೂರು ಮುಟ್ಟಿ ನಿಂತಿತ್ತು.
ಇಲಾಖೆಗೆ ಅದು ಹೋಗಲಿಲ್ಲ.

ಬರೆದದ್ದನ್ನು ಓದಿ ಹೇಳಿದೆ.
ಸೆರಗಿಗಂಟಿದ ಸೆಣಬಿನೆಳೆ ಕೀಳುತ್ತ ಕೇಳಿಸಿಕೊಂಡರು.
'ನಂಗೆ ಕಾಮಾಲೆ ಯಾವಾಗ ಬಂತು ಸಾರ್?
ದಿನಾ ಬಾಗ್ಲು ತೆಗ್ದಿದ್ದೀನಿ,
ಎದುರಿನ ಬೆಲ್ಲದಂಗ್ಡಿಯವ್ರನ್ನ ಕೇಳಿ.
ಕಾಗದ ನಂಗ್ಯಾಕೆ ಬರ್ಲಿಲ್ಲ?
ಅದನ್ನೇ ಬರೀರಿ.'

ಅದನ್ನೇ ಬರೆಯುವುದಾದರೆ:
ಕಾಗದ ಬಂದಿತ್ತು.
ಪೋರ್ಟಲ್ಲಿನಲ್ಲಿ ಅವರ ಹೆಸರಿನ ಮುಂದೆ
ನನ್ನದೇ ಇಮೇಲ್ ಕೊಟ್ಟಿದ್ದೆ,
ಇದೆಲ್ಲ ತಲೆನೋವು ನಿಮಗೇಕಮ್ಮ ಎಂದು.
ಯುಗಾದಿಯ ಮಾರನೆ ದಿನ, ಹಿಂದಿನ ದಿನದ ಒಬ್ಬಟ್ಟು
ಇನ್ನೂ ಹೊಟ್ಟೆಯಲ್ಲಿ ಭಾರವಾಗಿದ್ದಾಗ,
ಆದೇಶ ನನ್ನ ಫೋನಿಗೆ ಬಂದು ಬಿತ್ತು.
ಪಕ್ಕದಲ್ಲೊಂದು ನಕ್ಷತ್ರ ಒತ್ತಿದೆ,
ನಾಳೆ ನೋಡೋಣ ಎಂಬ ನಕ್ಷತ್ರ.
ಜ್ವರವಿರಲಿಲ್ಲ. ಯಾರೂ ಸತ್ತಿರಲಿಲ್ಲ.
ಮೂವತ್ತು ದಿನದ ಗಡುವು ದಾಟಿದ ಮೇಲೆ
ತೆರೆಯಲು ಹೆದರಿದೆ. ಅಲ್ಲಿಂದ ಮುಂದೆ
ತಡಕ್ಕೆ ತಡವೇ ಕಾರಣ.

ಪ್ರತಿ ದಿನದ ವಿಳಂಬಕ್ಕೂ ವಿವರಣೆ ಬೇಕಂತೆ.
ಕೊಡಬಲ್ಲೆ.
ಸಂಜೆ ಮನೆಗೆ ಹೋಗುವಾಗ ಆ ಓಣಿ ತಪ್ಪಿಸಿ
ನೆಹರೂ ರಸ್ತೆಯಿಂದ ಸುತ್ತಿಕೊಂಡು ಹೋದೆ.
ಮೇ ಒಂದರಂದು ಹಾಗೆ. ಎರಡರಂದು ಹಾಗೆ.
ಮಳೆಯಲ್ಲಿ ಸ್ಕೂಟರ್ ಕೆಟ್ಟ ದಿನವೂ
ತಳ್ಳಿಕೊಂಡು ಅದೇ ಸುತ್ತು.
ಭಾನುವಾರಗಳಿಗೆ ಮಾತ್ರ ನನ್ನಲ್ಲಿ ವಿವರಣೆಯಿಲ್ಲ.
ಕೊನೆಗೆ ಬ್ಯಾಂಕಿನ ಹುಡುಗ ಅವರಿಗೆ ಹೇಳಿದನಂತೆ,
'ನಿಮ್ಮ ಖಾತೆ ಮೇಲೆ ಇಲಾಖೆ ಕೂತಿದೆ ಅಮ್ಮ.'

ಇಷ್ಟನ್ನೂ ಬಾಯಿಬಿಟ್ಟು ಹೇಳಿದೆ.
ಅವರು ಬೈಯಲಿಲ್ಲ.
ನೀರಿನ ಬಾಟಲಿಯ ಮುಚ್ಚಳ ತಿರುವಿ ತೆರೆದರು,
ಕುಡಿಯದೆ ತಿರುವಿ ಮುಚ್ಚಿದರು.
'ಹಂಗಾದ್ರೆ ಹಂಗೇ ಬರೀರಿ' ಎಂದರು.

ಬಾಲರಾಜ ಅರಸ್ ರಸ್ತೆಯಲ್ಲಿ, ಕೋರ್ಟಿನೆದುರು,
ನೋಟರಿ ಕೆಂಚಪ್ಪಗೌಡರ ಮೇಜಿಗೆ ಎರಡು ಪ್ರಮಾಣಪತ್ರ:
ಒಂದು ಅವರದು, ಒಂದು ನನ್ನದು.
ಗೌಡರು ಕನ್ನಡಕ ಏರಿಸಿ ನನ್ನದನ್ನು ಎರಡು ಸಲ ಓದಿದರು.
'ದಿನಾ ಬೇರೆಯವ್ರನ್ನ ಗುರುತಿಸೋರು ನೀವು.
ಇವತ್ತು ನಿಮ್ಮನ್ನ ಗುರುತಿಸೋರು ಯಾರ್ರೀ?'
ತಮಾಷೆಗೇ ಕೇಳಿದ್ದು.
'ನಾನು ಬಲ್ಲೆ ಇವ್ರನ್ನ' ಎಂದರು ಖೈರುನ್ನೀಸಾ ಬೀ,
'ಹದಿನಾಲ್ಕು ವರ್ಷದಿಂದ ಬಲ್ಲೆ.'
ಅದು ಜಾಮೀನೋ ದೂರೋ
ತಿಳಿಯದೆ ನಾನು ಮೊಹರು ನೋಡುತ್ತ ನಿಂತೆ.

ನವೆಂಬರ್ ಇಪ್ಪತ್ತೊಂಬತ್ತು. ಶುಲ್ಕ ಸಾವಿರ ರೂಪಾಯಿ,
ಅದನ್ನು ನಾನೇ ಕಟ್ಟಿದೆ.
ಈಗಿನ ಮೇಲ್ಮನವಿಗೆ ಮುಖವಿಲ್ಲ.
ಯಾವ ಊರಿನ ಯಾವ ಅಧಿಕಾರಿ ಓದುತ್ತಾರೋ,
ಓದುವಾಗ ಮಧ್ಯಾಹ್ನದ ನಿದ್ದೆ ಬಂದಿರುತ್ತದೋ,
ಸಕಾರಣ ಎನ್ನುತ್ತಾರೋ, ನಿರ್ಲಕ್ಷ್ಯ ಎನ್ನುತ್ತಾರೋ.
ನಿರ್ಲಕ್ಷ್ಯ ಎಂದರೆ ತಪ್ಪೇನಿಲ್ಲ.
ಅದಕ್ಕೆ ದಂಡ ತೆರುವವರು ನಾನಲ್ಲ,
ಅದೊಂದೇ ತಪ್ಪು.

ಇಮೇಲ್ ಬದಲಿಸಿ ಅವರ ಮಗಳದು ಹಾಕಿದೆ.
ಕೋಣೆಗೆ ಬೀಗ ಹಾಕಿ
ಗಾಂಧಿಬಜಾರಿನ ಹಿಂದಿನ ಓಣಿಯಿಂದಲೇ ಹೊರಟೆ.
ಯಾರೋ ಚೀಲ ಕೊಡವುತ್ತಿದ್ದರು.
ಧೂಳಿಗೆ ಸೀನು ಬಂತು,
ಒಂದರ ಹಿಂದೆ ಇನ್ನೊಂದು.