ಮೂವತ್ತಮೂರು

ಇಸ್ಮೇನಿಯಾ ಕಾರ್ಕಮೊ ಅವರ ಶೆಡ್ಡಿನಲ್ಲಿ
ಆ ವರ್ಷ ನನಗಿದ್ದ ಕೆಲಸ ಗುಡಿಸುವುದು, ಬೈಸಿಕೊಳ್ಳುವುದು.
ಕಿಟಕಿಯ ತುಂಬ ವಾಲ್ಪರೈಸೊ ಬಂದರು,
ಕಿಟಕಿಯ ಕೆಳಗೆ ಡ್ರಿಲ್ ಯಂತ್ರ.
ಅದರ ಬೈರಿಗೆ ಗಾಳಿಯಲ್ಲೊಂದು ಸಣ್ಣ ಸೊನ್ನೆ ಬರೆಯುತ್ತಿತ್ತು;
ಎಂಟು ಮಿಲಿಮೀಟರ್ ಕೇಳಿದರೆ ಎಂಟೂವರೆ ಕೊಡುವ ಧಾರಾಳಿ.

ಒಂದು ಮಂಗಳವಾರ ಅದು ಚಕ್ಕನ್ನೇ ಉಗುಳಿತು.
ನನ್ನ ಬೂಟಿನಿಂದ ಒಂದು ಗೇಣು ಆಚೆ ಬಿದ್ದ ಕಬ್ಬಿಣದೊಳಗಿಂದ
ಸುರುಳಿ ಬಿಚ್ಚಿಕೊಂಡು ಹೊರಬಂತು
ಬಿಯರ್ ಡಬ್ಬಿ ಕತ್ತರಿಸಿದ ತಗಡಿನ ಪಟ್ಟಿ.
ಯಾರು ಸುತ್ತಿದ್ದರೋ, ಯಾವ ಅವಸರಕ್ಕೋ.
"ಹಾಗೋ ಸಮಾಚಾರ," ಅಂದರು ಇಸ್ಮೇನಿಯಾ,
"ಹನ್ನೊಂದು ವರ್ಷ ಡಬ್ಬಿಯನ್ನು ನಂಬಿ ತೂತು ಕೊರೆದಿದ್ದೇವೆ."

ಕದಿರಿನ ಕೊರಳು ಬೆತ್ತಲೆ ನಿಂತಿತ್ತು.
ತಿರುಪಿಲ್ಲ, ಗೂಟವಿಲ್ಲ, ಅಂಟಿಲ್ಲ,
ಮೇಲೆ ತುಸು ದಪ್ಪ, ಇಳಿಯುತ್ತ ತುಸು ಸಣ್ಣ.
ಬುಡದಲ್ಲಿ ಹದಿನೈದು ಬಿಂದು ಎಂಟು,
ತುದಿಯಲ್ಲಿ ಹದಿನಾಲ್ಕು ಬಿಂದು ಎರಡು,
ಉದ್ದ ಒಂದಂಗುಲ.
"ಮೂವತ್ತಮೂರು," ಅಂದರು
ರಕ್ತದ ಗುಂಪು ಹೇಳುವ ನರ್ಸಿನಂತೆ.
ಬಿದ್ದ ಚಕ್ಕಿನ ಬೆನ್ನಿಗೆ ಕೊರೆದದ್ದು ಆರು.
ಅಜ್ಜನ ಟೋಪಿ, ಮೊಮ್ಮಗನ ತಲೆ.

ಅಂಗೈಯಲ್ಲಿ ಅಳತೆ ಬರೆದುಕೊಂಡು ಇನ್ನೂರು ಮೆಟ್ಟಿಲು ಇಳಿದೆ.
ಗುಜರಿಯ ಎಲೆಯೂತೇರಿಯೊ ಹೊಳೆಯುವುದನ್ನೇ ಮುಂದಿಟ್ಟ,
"ಎಲ್ಲ ಯಂತ್ರಕ್ಕೂ ಆಗುತ್ತೆ, ಬಾಲ್ಡೊ."
ಎಲ್ಲಕ್ಕೂ ಆಗುವುದು ಯಾವುದಕ್ಕೂ ಆಗದೆಂದು
ಅಷ್ಟರಲ್ಲಿ ಕಲಿತಿದ್ದೆ.
ಮೂಲೆಯಲ್ಲಿ ಗ್ರೀಸು ಕುಡಿದು ಮಲಗಿದ್ದ ಹಳೆಯದೊಂದನ್ನು ಎತ್ತಿಕೊಂಡೆ.
ಮೂರು ದವಡೆಯೂ ಸೂಜಿಯನ್ನು ಒಟ್ಟಿಗೇ ಕಚ್ಚಿದವು.
ಮತ್ತೆ ಇನ್ನೂರು ಮೆಟ್ಟಿಲು, ಕಂಕುಳಲ್ಲಿ ಮಗುವಿನಷ್ಟು ಭಾರ.

ಎಣ್ಣೆಯ ನೆನಪೂ ಉಳಿಯಬಾರದು.
ನಾನು ಕಪಾಟಿನ ಪಿಸ್ಕೊ ಬಾಟಲಿಗೆ ಕೈ ಹಾಕಿದೆ;
ಕೈಮೇಲೆ ಒಂದು ಬಿತ್ತು. "ಅದು ನನಗೆ. ಇದಕ್ಕೆ ಔಷಧಿ ಅಂಗಡಿಯದು."
ಕಣ್ಣಿಗೆ ಕಾಣದ ಒಂದು ಮುಳ್ಳನ್ನು
ಅವರ ಕಿರುಬೆರಳು ಕಂಡುಹಿಡಿಯಿತು,
ಸಾಣೆಕಲ್ಲಿನಿಂದ ಎರಡೇ ಸಲ ಸವರಿದರು.
ಆಮೇಲೆ ನೀಲಿ, ಕಾಡಿಗೆಗಿಂತ ತೆಳ್ಳಗೆ;
ತೊಡಿಸಿ, ಕಾಲು ಸುತ್ತು ತಿರುಗಿಸಿ, ತೆಗೆದು ನೋಡಿದರೆ
ಒಳಗೋಡೆಗೆ ಉದ್ದಕ್ಕೂ ಹತ್ತಿತ್ತು ಬಣ್ಣ,
ಒಂದು ಕಡೆ ಮಾತ್ರ ಉಗುರಿನಷ್ಟು ಬಿಳಿ.
ಅವರು ಬಹಳ ಹೊತ್ತು ಆ ಬಿಳಿಯನ್ನೇ ನೋಡಿದರು.
"ಇರಲಿ," ಅಂದರು. "ಎರಡೂ ಹಳೆಯವು."

ನೀಲಿ ಒರೆಸಿದೆವು. ದವಡೆಗಳನ್ನು ಒಳಕ್ಕೆ ಎಳೆದೆವು,
ಏಟು ಅವಕ್ಕೆ ತಗಲಬಾರದು.
ನಾನು ಕೊಡತಿ ಎತ್ತಿ ಇನ್ನೊಂದಕ್ಕೂ ತೋಳು ಬೀಸುವಷ್ಟರಲ್ಲಿ
"ಸಾಕು. ಮನವೊಲಿಸಿದ ಮೇಲೆ ಹೊಡೆಯಬಾರದು.
ಒತ್ತಿದಷ್ಟೂ ಇದು ಬಿಗಿಯುತ್ತೆ.
ಪಕ್ಕಕ್ಕೆ ಎಳೆದೆಯೋ, ಕೈ ಕೊಡುತ್ತೆ.
ಬಿಡಿಸಬೇಕಾದ ದಿನ ಬೆಣೆ ತಾ, ಜೋಡಿ ಬೆಣೆ."
ಪಕ್ಕಕ್ಕೆ ಎಳೆದವರು ಯಾರೋ ನೆನಪಾದಂತೆ
ಬಂದರಿನ ಕಡೆ ತಿರುಗಿದರು.
ಕೇಳಲಿಲ್ಲ ನಾನು; ಹದಿನೇಳು ವಯಸ್ಸು, ಹಸಿವಾಗಿತ್ತು.

ಗಡಿಯಾರದ ಮುಳ್ಳು ಐದು ಗೀಟು ಆಡಿತು,
ಮಿಲಿಮೀಟರಿನ ನೂರರಲ್ಲಿ ಐದು ಪಾಲು.
ತೃಪ್ತಿಯೂ ಅಲ್ಲ, ದೂರೂ ಅಲ್ಲದ ಮುಖ ಮಾಡಿ
ದೀಪ ಆರಿಸಿದರು.

ನಸುಕಿಗೆ ನೆಲ ನಡುಗಿತು.
ಹೆಂಚು, ನಾಯಿ, ಅಡುಗೆಮನೆಯ ಗಾಜು
ಎಲ್ಲ ಒಟ್ಟಿಗೆ ಮಾತಾಡಿ ಸುಮ್ಮನಾದವು.
ಬರಿಗಾಲಲ್ಲಿ ಓಡಿ ಬಂದರೆ
ಶೆಡ್ಡಿನ ನೆಲದ ತುಂಬ ಮೊಳೆ, ನಟ್ಟು, ಒಡೆದ ಜಾಡಿ;
ನಡುವೆ ರಾತ್ರಿಯ ಅಂಗಿಯಲ್ಲೇ ಇಸ್ಮೇನಿಯಾ,
ಕೈದೀಪ ಹಲ್ಲಿನಲ್ಲಿ ಕಚ್ಚಿ
ಚಕ್ಕನ್ನು ಮೆಲ್ಲಗೆ ಸುತ್ತಿಸುತ್ತ.
ಚಕ್ಕು ಅಲ್ಲೇ ಇತ್ತು.

ದೀಪ ತೆಗೆದು ಹೇಳಿದರು:
"ಮೂರು ಗೀಟು, ನೋಡು.
ನೀನು ಹೊಡೆದದ್ದು ಸಾಲದೆ
ನೆಲವೂ ಒಂದು ಕೊಟ್ಟಿದೆ."

ನಂಬಲೋ ಬೇಡವೋ, ಇವತ್ತಿಗೂ ಗೊತ್ತಿಲ್ಲ.
ಬೆಳಗಾದ ಮೇಲೆ ಗಾಜು ಗುಡಿಸಿದೆ,
ಬಿಯರ್ ತಗಡು ಸಿಕ್ಕಿತು, ಎಸೆಯಲು ಹೋದೆ.
ಕಸಿದು, ನೇರ ಮಾಡಿ, ಡ್ರಾಯರಿನಲ್ಲಿಟ್ಟರು.