ಸೊಪ್ಪು ಹಾಕುವ ಪಾಳಿ

ಟುವೂಂಬದ ಗಿರಣಿಯಲ್ಲಿ ರಾತ್ರಿ ಪಾಳಿ ನನ್ನದು.
ಗೋಧಿ ಬೀಸುವುದು ಯಂತ್ರ,
ನಾನು ಬರೀ ತೂಗುವವಳು:
ಹಳದಿ ಪುಡಿ, ಟನ್ನು ಹಿಟ್ಟಿಗೆ ಮೂರು ಗ್ರಾಮಿಗೂ ಕಡಿಮೆ,
ಆನೆಯ ಹಣೆಗೆ ಸಾಸಿವೆಯಷ್ಟು ಬೊಟ್ಟು.

ಫೋಲಿಕ್ ಅಂದರೆ ಎಲೆಯದು ಎನ್ನುತ್ತದೆ
ಲ್ಯಾಬಿನ ಗೋಡೆಗಂಟಿದ ಹಾಳೆ.
ಎಲ್ಲಿಯ ಎಲೆ? ಡಬ್ಬಿಯಲ್ಲಿ ಹಸಿರಿಲ್ಲ, ವಾಸನೆಯಿಲ್ಲ,
ಅಜ್ಜಿ ಬಸ್ಸಾರಿಗೆ ಸೋಸುತ್ತಿದ್ದ ದಂಟಿನ
ಬುಡದ ಮಣ್ಣೂ ಇಲ್ಲ.
ಆದರೂ ರಾತ್ರಿ ರಾತ್ರಿ
ಇಡೀ ಊರಿಗೆ ಸೊಪ್ಪು ಹಾಕುತ್ತೇನೆ,
ನನಗೆ ಸೊಪ್ಪು ಹಾಕದ ಊರಿಗೆ.

ಇಪ್ಪತ್ತೆಂಟು ದಿನ. ಅಷ್ಟೇ ಗಡುವು.
ಎಳೆ ಬೆನ್ನು ತಾನೇ ಸುರುಳಿ ಸುತ್ತಿ
ಅಂಚಿಗೆ ಅಂಚು ಕೂಡಿಸಿ ಹೊಲಿದುಕೊಳ್ಳಬೇಕು.
ಮುಟ್ಟು ತಪ್ಪಿತೇ ಎಂದು ಬೆರಳೆಣಿಸುವ ಹೊತ್ತಿಗೆ
ನೂಲು ಪೋಣಿಸಿ ಆಗಿರುತ್ತದೆ.
‘ಏನಾದರೂ ವಿಶೇಷವೇ?’ ಎಂದು ನೆಂಟರು ಕಣ್ಣರಳಿಸುವಾಗ
ಸೂಜಿ ಎತ್ತಿಟ್ಟು ಎಷ್ಟೋ ದಿನ.

ಇದನ್ನೆಲ್ಲ ಒಂದು ಸಲ, ಟೀ ಹೊತ್ತಲ್ಲಿ,
ಮಗ್ಗಿಯಂತೆ ಒಪ್ಪಿಸಿದೆ ನೋಲೀನ್‌ಗೆ.
ಚೀಲದ ಬಾಯಿ ಹೊಲಿಯುವವಳು. ಪೂರ್ತಿ ಕೇಳಿದಳು.
ಅವಳ ಮಗ ಡ್ಯಾರಿಲ್, ಗೇಟಿನ ತೂಕದ ಕಟ್ಟೆಯಲ್ಲಿ
ಗಾಲಿಕುರ್ಚಿಯಿಂದಲೇ ಲಾರಿಗಳನ್ನು ಬೈದು ಸಾಲಿಗೆ ನಿಲ್ಲಿಸುವವ,
ಹುಟ್ಟಿದ್ದು ಈ ಪುಡಿ ಬರುವ ಇಪ್ಪತ್ತು ವರ್ಷ ಮುಂಚೆ.
ಆಮೇಲೆ ನೆನಪಾಯಿತು. ನಾಲಿಗೆ ಕಚ್ಚಿಕೊಂಡೆ.

ಅವಳು ಬಿಸ್ಕತ್ತು ಅದ್ದಿದಳು, ಮುರಿದು ಬಿತ್ತು.
‘ಅವನು ತಪ್ಪಲ್ಲ ಕಣೇ,’ ಅಂದಳು,
‘ಆ ಹನ್ನೊಂದು ಆಪರೇಷನ್ ತಪ್ಪಬೇಕಿತ್ತು.’
ಮತ್ತೆ ಚಮಚದಲ್ಲಿ ಬಿಸ್ಕತ್ತು ಹುಡುಕುತ್ತ ಕೂತಳು.

ಐದಕ್ಕೆ ಹಿಟ್ಟು ಬೇಕರಿಗಳಿಗೆ ಹೊರಡುತ್ತದೆ.
ಬಸ್ ಸ್ಟಾಪಿನಲ್ಲಿ ಸಮವಸ್ತ್ರದ ಒಬ್ಬಳು, ಸೂಪರ್‌ಮಾರ್ಕೆಟ್ಟಿನವಳು,
ಟೋಸ್ಟು ಕಚ್ಚುತ್ತ ಫೋನು ತೀಡುತ್ತಾಳೆ.
ಬಂದ ರೋಗಕ್ಕೆ ಫೈಲು ಇರುತ್ತದೆ.
ಬಾರದೆ ಹೋದದ್ದು ಯಾರ ಮನೆಯ ಕದವನ್ನೂ ತಟ್ಟಿ
ಬಂದು ಹೋದೆ ಅನ್ನುವುದಿಲ್ಲ.

ನನ್ನ ಮನೆಯಲ್ಲಿ ಮಾತ್ರ ಅನ್ನ.
ಅಕ್ಕಿಗೆ ಇಲ್ಲಿ ಯಾರೂ ಏನೂ ಬೆರೆಸಿಲ್ಲ.
ಪಕ್ಕದ ಫ್ಲ್ಯಾಟಿನ ಮೇಘಶ್ರೀ, ಮದುವೆಯಾಗಿ ಮೂರು ತಿಂಗಳು,
ಹೊತ್ತಿಗೂ ಗೊತ್ತಿಗೂ ಸಾರನ್ನದವಳು.
ಅವಳಿಗೆಂದು ಗುಳಿಗೆ ತಂದು ವಾರವಾಯಿತು.
ಹೇಗೆ ಕೊಡಲಿ, ವಿಶೇಷ ಕೇಳದೆ?

ನಿನ್ನೆ ಕೊನೆಗೆ ಒಂದು ಪಾತ್ರೆ ಬಸ್ಸಾರು ಒಯ್ದೆ.
ಮುಚ್ಚಳದ ಮೇಲೆ ಡಬ್ಬಿ.
‘ಇದೇನಾಂಟಿ?’ ಅಂದಳು.
‘ಸೊಪ್ಪು,’ ಅಂದೆ.